ಅಮ್ಮ ಕುರ್‌ಆನ್ ತಪ್ಪಾಗಿ ಓದಿದರೆ ಅದಬ್ (ಗೌರವದ ನಡೆ) ಮೀರದೆ ತಿದ್ದುವುದು ಹೇಗೆ?

ತಿದ್ದಬೇಡಿ. ಅವರು ಓದುತ್ತಿರುವಾಗಲೇ ಬಾಯಿ ಹಾಕುವುದಂತೂ ಬೇಡವೇ ಬೇಡ.

ರಂಜಾನಿನಲ್ಲಿ ಅಮ್ಮ ಜೋರಾಗಿ ಓದುವುದು, ತಜ್ವೀದ್ (ಸರಿಯಾಗಿ ಉಚ್ಚರಿಸಿ ಓದುವ ನಿಯಮ) ಕಲಿತ ನೀವು ಪಕ್ಕದ ರೂಮಿನಲ್ಲಿ ಕೂತು ಚಡಪಡಿಸುವುದು, ಎಲ್ಲ ನನಗೆ ಗೊತ್ತು. ನಮ್ಮ ಮನೆಯಲ್ಲಿ ಅಮ್ಮನ ಜಾಗದಲ್ಲಿ ಅಬ್ಬಾ ಇದ್ದರು, ಅಷ್ಟೇ ವ್ಯತ್ಯಾಸ.

ಅಬ್ಬಾ ಚನ್ನಪಟ್ಟಣದಲ್ಲಿ ಗೊಂಬೆ ಕೆಲಸದವರು. ದಿನವಿಡೀ ಆಲೆ ಮರದ ತುಂಡು ತಿರುಗಿಸಿ ಅರಗಿನ ಬಣ್ಣ ಹಚ್ಚುವ ಕೆಲಸ. ಚಿಕ್ಕಂದಿನಲ್ಲಿ ಗಲ್ಲಿಯ ಒಬ್ಬ ಆಪಾ (ಓದು ಕಲಿಸುವ ಹೆಂಗಸು) ಹತ್ತಿರ ಬಗ್ದಾದಿ ಖಾಯಿದಾ ಅನ್ನುವ ಅರಬಿ ಅಕ್ಷರಗಳ ಪುಸ್ತಕ ಕಲಿತಿದ್ದರು. 'ಬೇ ಜಬರ್ ಬ, ಬೇ ಜೇರ್ ಬಿ, ಬೇ ಪೇಶ್ ಬು' ಅಂತ ರಾಗವಾಗಿ ಕಲಿತದ್ದು. ಅದರ ಮೇಲೆ ಅವರಿಗೆ ಯಾರೂ ಏನೂ ಕಲಿಸಲಿಲ್ಲ. ಬೆಳಗಿನ ಜಾವದ ಫಜ್ರ್ ನಮಾಜ್ ಮುಗಿಸಿ ಬಂದು, ಪುಸ್ತಕ ಇಡುವ ಮರದ ರೆಹಲ್ ಬಿಡಿಸಿಟ್ಟು, ಕುರ್‌ಆನ್ ಸುತ್ತಿದ ಬಟ್ಟೆ ಜುಜ್ದಾನಿನ ಗಂಟು ಬಿಚ್ಚಿ ಕೂತರೆ ಬಿಸಿಲು ಬರುವ ತನಕ ಓದು. ಇಡೀ ಮನೆಗೆ ಕೇಳಿಸುತ್ತಿತ್ತು. ನಾವು ಆ ಧ್ವನಿಯ ನಡುವೆಯೇ ಹಲ್ಲುಜ್ಜಿ, ತಿಂಡಿ ತಿಂದು ಸ್ಕೂಲಿಗೆ ಹೊರಡುತ್ತಿದ್ದೆವು.

ಉಚ್ಚಾರ ಮಾತ್ರ ಅಪ್ಪಟ ದಖ್ಖನಿ, ಅಂದರೆ ನಮ್ಮ ಕಡೆಯ ಉರ್ದು. ನಮ್ಮವರ ಬಾಯಲ್ಲಿ ಅರಬಿಯ ಕಾಫ್ (ق) ಅಕ್ಷರ 'ಖ' ಆಗಿಬಿಡುತ್ತದೆ. ಕಲಮ್ ಹೋಗಿ ಖಲಮ್, ಕಬರ್ ಹೋಗಿ ಖಬರ್. ಜಾಲ್, ಜೇ, ಜೋಯ್, ಜ್ವಾದ್ ನಾಲ್ಕೂ ಒಂದೇ 'ಜ'. ಸೇ, ಸೀನ್, ಸ್ವಾದ್ ಮೂರೂ ಒಂದೇ 'ಸ'. ಅರಬಿಯಲ್ಲಿ ಇವೆಲ್ಲ ಬೇರೆ ಬೇರೆ ಅಕ್ಷರಗಳು, ಒಂದೊಂದರ ಉಚ್ಚಾರವೂ ಬೇರೆ. ಅಬ್ಬಾ ಒಬ್ಬರೇ ಅಲ್ಲ, ಆ ಗಲ್ಲಿಯ ಮುಕ್ಕಾಲು ಜನ ಹೀಗೇ ಓದುತ್ತಿದ್ದರು.

ನಾನು ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ ಆನ್‌ಲೈನಿನಲ್ಲಿ ಕುರ್‌ಆನ್ ಓದು ಕಲಿಸುವ ಒಬ್ಬ ಖಾರಿ ಸಾಹೇಬರ ಹತ್ತಿರ ತಜ್ವೀದ್ ಕಲಿಯಲು ಶುರು ಮಾಡಿದೆ. ಕಾಫ್ ಹೇಳುವಾಗ ನಾಲಿಗೆಯ ಬುಡ ಮೇಲೆದ್ದು ಕಿರುನಾಲಿಗೆಯ ಹತ್ತಿರ ತಾಗಬೇಕು ಅಂತ ಮೊದಲ ಸಲ ಗೊತ್ತಾಯಿತು. ಎಲ್ಲಿ ಎಳೆಯಬೇಕು, ಎಲ್ಲಿ ಮೂಗಿನಲ್ಲಿ ಗುನ್ನಾ ಮಾಡಬೇಕು, ಎಲ್ಲಿ ನಿಲ್ಲಬಾರದು ಅನ್ನುವುದೂ ಗೊತ್ತಾಯಿತು. ಕಲಿತದ್ದು ಕುರ್‌ಆನಿನ ಮೂವತ್ತು ಭಾಗಗಳಲ್ಲಿ (ಪಾರಾ) ಕೊನೆಯದು, 'ಅಮ್ಮ ಪಾರಾ' ಅನ್ನುವುದು ಒಂದೇ. ಆದರೆ ಅಷ್ಟಕ್ಕೇ ಮೈಯೆಲ್ಲ ಕಿವಿಯಾಗಿತ್ತು, ಅದೂ ಬೇರೆಯವರ ತಪ್ಪು ಹಿಡಿಯುವ ಕಿವಿ.

ಮಾಮು ಹೊಸ ಮನೆ ಕಟ್ಟಿಸಿ ಕುರ್‌ಆನ್ ಖಾನಿ ಇಟ್ಟಿದ್ದರು. ನಿಮಗೂ ಗೊತ್ತಿರುತ್ತದೆ, ಮೂವತ್ತು ಪಾರಾಗಳ ಬಿಡಿ ಪುಸ್ತಕಗಳನ್ನು ಹಂಚುತ್ತಾರೆ, ಬೇಗ ಮುಗಿಸಿದವರು ಇನ್ನೊಂದು ಎತ್ತಿಕೊಳ್ಳುತ್ತಾರೆ, ಒಳಗೆ ಬಿರಿಯಾನಿ ದಮ್ ಆಗುವಷ್ಟರಲ್ಲಿ ಇಡೀ ಕುರ್‌ಆನ್ ಖತಂ. (ಈ ಪದ್ಧತಿಯೇ ಸರಿಯಲ್ಲ ಅನ್ನುವ ಉಲಮಾ (ಧರ್ಮ ವಿದ್ವಾಂಸರು) ಇದ್ದಾರೆ. ಆ ಜಗಳ ಇಲ್ಲಿ ಬೇಡ.) ಅಬ್ಬಾ ಕೈಗೆ ಹತ್ತನೇ ಪಾರಾ ಬಂತು. ನಾನು ಅವರ ಪಕ್ಕದಲ್ಲಿ ಕೂತಿದ್ದೆ.

"ಅಬ್ಬಾ, ಖ ಅಲ್ಲ, ಕಾಫ್" ಅಂದೆ. ಅವರು ತಲೆಯಾಡಿಸಿ ಆ ಆಯತ್ತನ್ನು (ವಾಕ್ಯವನ್ನು) ಮೊದಲಿನಿಂದ ಓದಿದರು. ಮತ್ತೂ 'ಖ' ಅಂತಲೇ ಬಂತು. ಸ್ವಲ್ಪ ಹೊತ್ತಿಗೆ, "ಇಲ್ಲಿ ಇನ್ನೂ ಎಳೀಬೇಕು" ಅಂದೆ. ಎದುರಿಗೆ ಕೂತವರು ತಲೆ ಎತ್ತಿ ನೋಡಿದರು. ಸೂರಾ ಅನ್ಫಾಲ್ ಅನ್ನುವ ಅಧ್ಯಾಯ ಮುಗಿಯಿತು. ಅಬ್ಬಾ ಒಂದು ಕ್ಷಣ ನಿಲ್ಲಿಸಿ, ನೇರವಾಗಿ 'ಬರಾಅತುಂ ಮಿನಲ್ಲಾಹಿ' ಅಂತ ಮುಂದಿನ ಸೂರಾ ಶುರು ಮಾಡಿದರು.

"ಅಬ್ಬಾ, ಬಿಸ್ಮಿಲ್ಲಾನೇ ಬಿಟ್ರಲ್ಲ!"

ಜೋರಾಗಿಯೇ ಹೇಳಿದೆ. ಅಬ್ಬಾ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಮೂಲೆಯಲ್ಲಿ ಯಾರೋ ಹಿರಿಯರು ಕೆಮ್ಮಿದರು. ಆಮೇಲೆ ಅಬ್ಬಾ ತುಟಿ ಮಾತ್ರ ಅಲ್ಲಾಡಿಸುತ್ತಾ ಓದಿ ಆ ಪಾರಾ ಮುಗಿಸಿದರು.

ಕುರ್‌ಆನಿನ 114 ಸೂರಾಗಳಲ್ಲಿ 'ಅಲ್ಲಾಹನ ಹೆಸರಿನಲ್ಲಿ' ಅನ್ನುವ ಬಿಸ್ಮಿಲ್ಲಾ ಇಲ್ಲದೆ ಶುರುವಾಗುವುದು ಒಂದೇ ಒಂದು. ಒಂಬತ್ತನೆಯದು, ಸೂರಾ ತೌಬಾ. ಅಂದರೆ ಅಬ್ಬಾ ಅದನ್ನೇ ಓದುತ್ತಿದ್ದರು. ನನಗೆ ಗೊತ್ತಾದದ್ದು ಆ ರಾತ್ರಿ ಮುಸ್ಹಫ್ (ಕುರ್‌ಆನ್ ಪ್ರತಿ) ತೆಗೆದು ನೋಡಿದಾಗ. ಅಬ್ಬಾಗೆ ಮೊದಲೇ ಗೊತ್ತಿತ್ತು. ಅಲ್ಲಿ ಕೂತಿದ್ದ ಬಹುತೇಕ ಹಿರಿಯರಿಗೂ ಗೊತ್ತಿತ್ತು. "ನಿನಗೇ ಗೊತ್ತಿಲ್ಲ, ಸುಮ್ನಿರು" ಅಂತ ಒಂದು ಮಾತು ಹೇಳಿದ್ದರೆ ಅವರ ಮರ್ಯಾದೆ ಉಳಿಯುತ್ತಿತ್ತು, ನನ್ನದು ಹೋಗುತ್ತಿತ್ತು. ಅವರು ಹೇಳಲಿಲ್ಲ.

ಆ ದಿನವನ್ನು ಎಷ್ಟು ಸಲ ಬಿಡಿಸಿ ನೋಡಿದ್ದೇನೋ ಲೆಕ್ಕವಿಲ್ಲ. ನನ್ನ ತಪ್ಪು ಬರೀ ತೌಬಾ ವಿಷಯದ್ದು ಅಂತ ಮೊದಮೊದಲು ಅಂದುಕೊಂಡಿದ್ದೆ. ಅಲ್ಲ. ಬಿಸ್ಮಿಲ್ಲಾ ವಿಷಯದಲ್ಲಿ ನಾನೇ ಸರಿಯಿದ್ದರೂ ತಪ್ಪು ತಪ್ಪೇ ಆಗಿರುತ್ತಿತ್ತು. ಆಯತ್ತಿನ ಮಧ್ಯೆ ಬಾಯಿ ಹಾಕಿದೆ. ಅವರ ಹೆಂಡತಿಯ ತವರಿನವರ ಎದುರಿಗೆ ಹಾಕಿದೆ. ಅವರು ಕೇಳದೇ ಇದ್ದಾಗ ಹಾಕಿದೆ. ಎಲ್ಲಕ್ಕಿಂತ ಜಾಸ್ತಿ, 'ಕುರ್‌ಆನ್ ಓದುವಾಗ ಗಮನ ಕೊಟ್ಟು ಕೇಳಿ, ಮೌನವಾಗಿರಿ' ಅನ್ನುವ ಮಾತು ಕುರ್‌ಆನಿನಲ್ಲೇ ಇದೆ (7:204). ಅಬ್ಬಾ ಓದುತ್ತಿದ್ದದ್ದನ್ನು ನಾನು ಕೇಳುತ್ತಲೇ ಇರಲಿಲ್ಲ. ತಪ್ಪು ಎಣಿಸುತ್ತಿದ್ದೆ. ನಿಮ್ಮ ಅಮ್ಮ ಓದುವಾಗ ನೀವು ಮಾಡುತ್ತಿರುವುದೂ ಅದೇ ಅಲ್ವಾ?

ಇನ್ನೊಂದು. ತಪ್ಪುಗಳಲ್ಲಿ ದೊಡ್ಡದು, ಸಣ್ಣದು ಅಂತ ಇದೆ. ಅಕ್ಷರವೋ ಸ್ವರವೋ ಬದಲಾಗುವುದು ಲಹ್ನೆ ಜಲಿ, ಅಂದರೆ ದೊಡ್ಡ ತಪ್ಪು. ಮೊದಲ ಸೂರಾ ಫಾತಿಹಾದಲ್ಲಿ 'ಅನ್‌ಅಮ್ತ' ಅನ್ನುವ ಜಾಗದಲ್ಲಿ 'ಅನ್‌ಅಮ್ತು' ಅಂದರೆ, ಅನುಗ್ರಹ ಮಾಡಿದ್ದು ಅಲ್ಲಾಹ್ ಅಲ್ಲ, ನಾನು ಅಂತ ಆಗಿಬಿಡುತ್ತದೆ. ಇದನ್ನು ಬಿಡುವ ಹಾಗಿಲ್ಲ. ಗುನ್ನಾದ ಚಂದ ಕಡಿಮೆಯಾಗುವುದು, ಎಳೆತ ಸ್ವಲ್ಪ ಹೆಚ್ಚುಕಡಿಮೆಯಾಗುವುದು ಲಹ್ನೆ ಖಫಿ, ಸಣ್ಣ ತಪ್ಪು. ಕಾಫ್ 'ಖ' ಆಗುವುದು ದೊಡ್ಡ ತಪ್ಪಿನ ಸಾಲಿನದೇ, ಒಪ್ಪುತ್ತೇನೆ. ಆದರೆ ಪ್ರಯತ್ನ ಪಟ್ಟರೂ ನಾಲಿಗೆ ತಿರುಗದವರಿಗೆ ವಿನಾಯಿತಿ ಇದೆ. ನಾನು ಇದ್ಯಾವುದನ್ನೂ ಬೇರ್ಪಡಿಸಿ ನೋಡಲಿಲ್ಲ. ಕಿವಿಗೆ ಬಿದ್ದದ್ದನ್ನೆಲ್ಲ ಎತ್ತಿ ಆಡಿದೆ.

ಅವತ್ತಿನಿಂದ ಅಬ್ಬಾ ಜೋರಾಗಿ ಓದುವುದನ್ನು ಬಿಟ್ಟರು. ಈಗಲೂ ಫಜ್ರ್ ಆದ ಮೇಲೆ ರೆಹಲ್ ಮುಂದೆ ಕೂರುತ್ತಾರೆ, ಬೆರಳು ಸಾಲಿನ ಮೇಲೆ ಓಡುತ್ತದೆ, ಶಬ್ದ ಇಲ್ಲ. ಮಾಫಿ ಕೇಳಿದೆ. "ನೀನು ಹೇಳಿದ್ದು ಸರಿ ಬೇಟಾ, ಈ ವಯಸ್ಸಿಗೆ ನಾಲಿಗೆ ತಿರುಗಲ್ಲ" ಅಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ನನ್ನ ಮಗಳು ದಾದಾ ಓದುವುದನ್ನು ನೋಡಿದ್ದಾಳೆ, ಕೇಳಿಲ್ಲ.

ಖಾರಿ ಸಾಹೇಬರಿಗೆ ಇದನ್ನೆಲ್ಲ ಹೇಳಿದಾಗ ಅವರು ಪ್ರವಾದಿಯ ಪತ್ನಿ ಆಯಿಶಾ(ರ) ಅವರಿಂದ ಬಂದ ಹದೀಸ್ (ಪ್ರವಾದಿಯ ಮಾತು) ನೆನಪಿಸಿದರು. ಬುಖಾರಿ, ಮುಸ್ಲಿಂ ಅನ್ನುವ ಹದೀಸ್ ಸಂಗ್ರಹ ಎರಡರಲ್ಲೂ ಇದೆ. ಚೆನ್ನಾಗಿ ಓದಬಲ್ಲವರು ಗೌರವಾನ್ವಿತ ಮಲಕ್‌ಗಳ (ದೇವದೂತರ) ಜೊತೆ ಇರುತ್ತಾರೆ. ತಡವರಿಸುತ್ತಾ, ಕಷ್ಟಪಟ್ಟು ಓದುವವರಿಗೆ ಎರಡು ಪಟ್ಟು ಪುಣ್ಯ. ಹಾಗೆ ನೋಡಿದರೆ ನಿಮ್ಮ ಅಮ್ಮನ ಲೆಕ್ಕ ನಿಮ್ಮದಕ್ಕಿಂತ ಮುಂದಿದೆ.

ಅದಕ್ಕೇ ಹೇಳುವುದು, ನಿಮ್ಮ ಪ್ರಶ್ನೆಯೇ ಸ್ವಲ್ಪ ಓರೆಯಾಗಿದೆ. ಅದಬ್ ಪಟ್ಟಿ ಎಲ್ಲರಿಗೂ ಬಾಯಿಪಾಠ: ವುಜೂ (ಕೈಕಾಲು ಮುಖ ತೊಳೆಯುವುದು), ಕಿಬ್ಲಾ (ಮೆಕ್ಕಾದ ದಿಕ್ಕು) ಕಡೆ ಮುಖ, ಶುರುವಿಗೆ ಅಊಜು ಬಿಲ್ಲಾಹ್, ಮುಸ್ಹಫ್ ನೆಲದ ಮೇಲೆ ಇಡದಿರುವುದು, ಅವಸರವಿಲ್ಲದ ಓದು (ತರ್ತೀಲ್). ಡಮಾಸ್ಕಸಿನ ಇಮಾಮ್ ನವವಿ (ಮರಣ 1277) ಇದಕ್ಕಂತಲೇ ಒಂದು ಪುಸ್ತಕ ಬರೆದಿದ್ದಾರೆ. ಆಕಳಿಕೆ ಬಂದರೆ ಅದು ಮುಗಿಯುವ ತನಕ ಓದು ನಿಲ್ಲಿಸಿ ಅನ್ನುವಷ್ಟು ಸೂಕ್ಷ್ಮ. ಆದರೆ ಓದುವವರ ಪಕ್ಕ ಕೂತವರಿಗೂ ಅದಬ್ ಇದೆ. ಪ್ರವಾದಿ(ಸ) ಮಸೀದಿಯಲ್ಲಿ ಇಅ್‌ತಿಕಾಫ್ (ಪ್ರಾರ್ಥನೆಗಾಗಿ ಮಸೀದಿಯಲ್ಲೇ ತಂಗುವುದು) ಕೂತಿದ್ದಾಗ ಜನ ಜೋರಾಗಿ ಓದುತ್ತಿದ್ದರಂತೆ. ಪರದೆ ಸರಿಸಿ, ನೀವೆಲ್ಲ ನಿಮ್ಮ ರಬ್ಬಿನ (ಪ್ರಭುವಿನ) ಜೊತೆ ಮಾತಾಡುತ್ತಿದ್ದೀರಿ, ಒಬ್ಬರಿಗೊಬ್ಬರು ತೊಂದರೆ ಕೊಡಬೇಡಿ ಅಂದರು. ಅಬೂ ದಾವೂದ್ ಹದೀಸ್ ಸಂಗ್ರಹದಲ್ಲಿದೆ.

ತಿದ್ದುವುದಕ್ಕೂ ಒಂದು ಕ್ರಮ ಇದೆ. ರಂಜಾನಿನ ರಾತ್ರಿಯ ತರಾವೀಹ್ ನಮಾಜಿನಲ್ಲಿ ಬಾಯಿಪಾಠ ಓದುವ ಹಾಫಿಜ್ ತಪ್ಪಿದರೆ, ಹಿಂದೆ ನಿಂತು ಕೇಳುವ ಸಾಮೇ ಲುಕ್ಮಾ ಕೊಡುವುದನ್ನು, ಅಂದರೆ ತಿದ್ದಿ ಹೇಳುವುದನ್ನು, ಗಮನಿಸಿ. ಒಳ್ಳೆಯ ಸಾಮೇ ತಕ್ಷಣ ಬಾಯಿ ಹಾಕುವುದಿಲ್ಲ. ಹಾಫಿಜ್ ತಾನೇ ನೆನಪಿಸಿಕೊಳ್ಳಲಿ ಅಂತ ಕಾಯುತ್ತಾನೆ. ಸಾಮೇಗೂ ಇಡೀ ಕುರ್‌ಆನ್ ಕಂಠಪಾಠ ಇರುತ್ತದೆ, ಜೊತೆಗೆ ಆ ಕೆಲಸಕ್ಕೆ ಅವನನ್ನು ನಿಲ್ಲಿಸಿರುತ್ತಾರೆ. ನಿಮ್ಮನ್ನು ಯಾರೂ ನಿಲ್ಲಿಸಿಲ್ಲ.

ನಾನಾಗಿದ್ದರೆ ಈಗ ಹೀಗೆ ಮಾಡುತ್ತೇನೆ. ಅಮ್ಮನ ಹತ್ತಿರ ಹೋಗಿ, "ನಾನು ಓದ್ತೀನಿ, ನೀವು ಸ್ವಲ್ಪ ಕೇಳಿ" ಅಂತ ಕೂತು ನಿಧಾನವಾಗಿ ಫಾತಿಹಾ ಓದಿ. ಅಷ್ಟೇ, ವ್ಯಾಖ್ಯಾನ ಬೇಡ. ಅಡುಗೆ ಮಾಡುವಾಗ ಈಜಿಪ್ಟಿನ ಮಹಮೂದ್ ಖಲೀಲ್ ಅಲ್ ಹುಸರಿ ಅವರ ಓದು ಹಾಕಿ. ಇಡೀ ಕುರ್‌ಆನನ್ನು ತರ್ತೀಲಿನಲ್ಲಿ ಮೊದಲು ರೆಕಾರ್ಡ್ ಮಾಡಿದವರು ಅವರು, 1961ರಲ್ಲಿ. ಒಂದೊಂದು ಅಕ್ಷರವೂ ಬಿಡಿಸಿಟ್ಟ ಹಾಗೆ ಕೇಳುತ್ತದೆ. ಆದರೆ ಅಮ್ಮ ತಾವೇ ಓದುವ ಹೊತ್ತಿಗೆ ಹಾಕಬೇಡಿ, ಅದು ಕುಟುಕಿದಂತೆ ಆಗುತ್ತದೆ. ಫಾತಿಹಾದಲ್ಲಿ ಅರ್ಥ ಕೆಡುವ ತಪ್ಪು ಇದ್ದರೆ ಹೆಂಗಸರಿಗೆ ಕಲಿಸುವ ಒಬ್ಬ ಆಪಾಳನ್ನು ಹುಡುಕಿ. ಮಗ ತಿದ್ದಿದರೆ ನೋವಾಗುತ್ತದೆ, ಆಪಾ ತಿದ್ದಿದರೆ ಪಾಠ. ಫೀಸು ನೀವೇ ಕೊಡಿ.

ಮೊಬೈಲಿನಲ್ಲಿ ವುಜೂ ಇಲ್ಲದೆ ಓದಬಹುದಾ ಅಂತಲೂ ಕೇಳಿದ್ದೀರಿ. ಮುಸ್ಹಫ್ ಮುಟ್ಟಲು ವುಜೂ ಬೇಕು, ನಾಲ್ಕೂ ಮಜ್‌ಹಬ್‌ಗಳ (ಸುನ್ನಿ ಧರ್ಮಶಾಸ್ತ್ರದ ಪಂಥಗಳ) ಮಾತು ಅದೇ. ನೆನಪಿನಿಂದ ಓದಲು ವುಜೂ ಇದ್ದರೆ ಒಳ್ಳೆಯದು, ಕಡ್ಡಾಯವಲ್ಲ. ಗುಸುಲ್ (ಶುದ್ಧಿಯ ಪೂರ್ತಿ ಸ್ನಾನ) ಆಗಬೇಕಿದ್ದರೆ ಮಾತ್ರ ಓದುವ ಹಾಗಿಲ್ಲ. ಮೊಬೈಲ್ ಸ್ಕ್ರೀನನ್ನು ಈಗಿನ ಎಷ್ಟೋ ಉಲಮಾಗಳು ಮುಸ್ಹಫ್ ಅಂತ ಲೆಕ್ಕ ಹಿಡಿಯುವುದಿಲ್ಲ. ಬಸ್ಸಿನಲ್ಲಿ ಧಾರಾಳವಾಗಿ ಓದಿ, ವಾಟ್ಸಾಪ್ ನೋಟಿಫಿಕೇಶನ್ ಮಾತ್ರ ಆಫ್ ಮಾಡಿಕೊಳ್ಳಿ.