ನೆತ್ತಿ ಬೋಳಾಗುತ್ತಿದೆ, ಹೇರ್ ಪ್ಯಾಚ್ ಹಾಕಿಸಿಕೊಳ್ಳಲೇ?

ಪ್ರಶ್ನೆ: ನನಗೆ 28 ವರ್ಷ. ದಾವಣಗೆರೆಯವನು, ಬೆಂಗಳೂರಿನಲ್ಲಿ ಉದ್ಯೋಗ. ಮೂರು ವರ್ಷಗಳಿಂದ ಹಣೆಯ ಎರಡೂ ಮೂಲೆಗಳಲ್ಲಿ ಕೂದಲು ಹಿಂದೆ ಸರಿಯುತ್ತಿದೆ, ನೆತ್ತಿಯ ಚರ್ಮವೂ ಕಾಣತೊಡಗಿದೆ. ತಂದೆಗೂ ಸೋದರಮಾವನಿಗೂ ಬೋಳುತಲೆ. ಬೋರ್‌ವೆಲ್ ನೀರು, ಹೆಲ್ಮೆಟ್ಟು ಕಾರಣವೆಂದು ಸ್ನೇಹಿತರು ಹೇಳುತ್ತಾರೆ. ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ಶಸ್ತ್ರಚಿಕಿತ್ಸೆಯೆಂದರೆ ಭಯ. ಆಪರೇಷನ್ ಇಲ್ಲದೆ ಒಂದೇ ದಿನದಲ್ಲಿ ತಲೆ ತುಂಬ ಕೂದಲು ಬರಿಸುವುದಾಗಿ ಒಂದು ಕೇಂದ್ರದವರು ಹೇಳುತ್ತಿದ್ದಾರೆ. ನಂಬಬಹುದೇ ಡಾಕ್ಟರೇ?

ಉತ್ತರ: ಒಂದೇ ದಿನದಲ್ಲಿ ಯಾರ ತಲೆಯಲ್ಲೂ ಕೂದಲು ಬೆಳೆಯುವುದಿಲ್ಲ. ಹಾಗೆ ಹೇಳುವವರು ಸಾಮಾನ್ಯವಾಗಿ ಕೊಡುವುದು ಹೇರ್ ಪ್ಯಾಚನ್ನು, ಅಂದರೆ ತೆಳುವಾದ ಜಾಲರಿಗೆ ಕೂದಲು ಪೋಣಿಸಿ ತಯಾರಿಸಿದ ವಿಗ್ಗನ್ನು. ಅದನ್ನು ಹಾಕಿಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಮುಚ್ಚುವ ಉಪಾಯವೇ ಹೊರತು ಚಿಕಿತ್ಸೆಯಲ್ಲ ಎಂಬುದನ್ನು ತಿಳಿದೇ ಹಣ ಕೊಡಬೇಕು. ಅಂಟಿನಿಂದ ಕೂರಿಸಿದ ಪ್ಯಾಚನ್ನು ಕೆಲವು ವಾರಗಳಿಗೊಮ್ಮೆ ಬಿಚ್ಚಿ, ಚರ್ಮವನ್ನು ತೊಳೆದು, ಮತ್ತೆ ಅಂಟಿಸಬೇಕಾಗುತ್ತದೆ. ಈ ಖರ್ಚು ಪ್ಯಾಚ್ ಇರುವಷ್ಟು ಕಾಲವೂ ಇರುತ್ತದೆ. ಬೆವರು ಒಳಗೇ ನಿಂತರೆ ತುರಿಕೆ, ಗುಳ್ಳೆಗಳು ಏಳಬಹುದು. ಕ್ಲಿಪ್ಪಿನ ಪ್ಯಾಚಾದರೆ ರಾತ್ರಿ ತೆಗೆದಿಡಬಹುದು, ಆದರೆ ಕ್ಲಿಪ್ಪು ಸದಾ ಒಂದೇ ಜಾಗದಲ್ಲಿ ಜಗ್ಗಿದರೆ ಅಲ್ಲಿರುವ ಸ್ವಂತ ಕೂದಲೂ ಉದುರುತ್ತದೆ. ಅಂಟನ್ನು ತಲೆಗೆ ಹಚ್ಚಿಸಿಕೊಳ್ಳುವ ಮೊದಲು ಮುಂಗೈಯ ಒಳಭಾಗಕ್ಕೆ ತುಸು ಹಚ್ಚಿ, ಎರಡು ದಿನ ಕಾದು ನೋಡಿ.

ನೀರು, ಹೆಲ್ಮೆಟ್ಟುಗಳ ಮೇಲಿನ ಅಪವಾದವನ್ನು ಬಿಟ್ಟುಬಿಡಿ. ದಯವಿಟ್ಟು ಹೆಲ್ಮೆಟ್ ಹಾಕದೆ ಗಾಡಿ ಓಡಿಸಬೇಡಿ. ನೀವು ವಿವರಿಸಿರುವುದು ವಂಶಪಾರಂಪರ್ಯವಾಗಿ ಬರುವ ಪುರುಷರ ಬೋಳುತನದ ಲಕ್ಷಣ. ನೆತ್ತಿಯ ಒಂದು ಕೂದಲನ್ನೂ ತಲೆಯ ಹಿಂಭಾಗದ ಒಂದು ಕೂದಲನ್ನೂ ಬಿಳಿ ಕಾಗದದ ಮೇಲೆ ಪಕ್ಕಪಕ್ಕ ಇಟ್ಟು ನೋಡಿ: ನೆತ್ತಿಯದು ನವಿರಾಗಿ, ಗಿಡ್ಡವಾಗಿ ಕಾಣಬಹುದು. ಟೆಸ್ಟೋಸ್ಟಿರಾನ್‌ನಿಂದ ಉಂಟಾಗುವ ಡಿಎಚ್‌ಟಿ ಎಂಬ ಹಾರ್ಮೋನಿಗೆ ಆ ಭಾಗದ ಬೇರುಗಳು ಹುಟ್ಟಿನಿಂದಲೇ ಸೂಕ್ಷ್ಮವಾಗಿದ್ದು, ವರ್ಷದಿಂದ ವರ್ಷಕ್ಕೆ ಕುಗ್ಗುತ್ತಾ ಹೋಗುವುದೇ ಇದಕ್ಕೆ ಕಾರಣ.

ಬೇರು ಪೂರ್ತಿ ಸೊರಗುವ ಮುನ್ನ ಔಷಧ ಆರಂಭಿಸಿದರೆ ಇರುವ ಕೂದಲನ್ನು ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚು. ನಿಮ್ಮ ವಯಸ್ಸಿನಲ್ಲಿ ನಾನು ಮೊದಲು ಸೂಚಿಸುವುದು ಇದನ್ನೇ. ಶೇ 5ರ ಮಿನಾಕ್ಸಿಡಿಲ್ ದ್ರಾವಣವನ್ನು ದಿನಕ್ಕೆ ಎರಡು ಬಾರಿ, ಪ್ರತಿ ಸಲ 1 ಮಿ.ಲೀ.ನಂತೆ, ಒಣಗಿದ ನೆತ್ತಿಯ ಚರ್ಮಕ್ಕೆ ತಾಗುವಂತೆ ಹಚ್ಚಬೇಕು. ಮೊದಲ ಕೆಲವು ವಾರ ಕೂದಲು ಇನ್ನೂ ಹೆಚ್ಚಾಗಿ ಉದುರಬಹುದು. ಅನೇಕರು ಆಗಲೇ ಹೆದರಿ ನಿಲ್ಲಿಸಿಬಿಡುತ್ತಾರೆ ಎಂಬುದು ನನಗೆ ಬೇಸರದ ಸಂಗತಿ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು, ನಿಲ್ಲಿಸಿದರೆ ಗಳಿಸಿದ್ದು ಮತ್ತೆ ಹೋಗುತ್ತದೆ.

ಫಿನಾಸ್ಟೆರೈಡ್ 1 ಮಿ.ಗ್ರಾಂ ಮಾತ್ರೆ ಡಿಎಚ್‌ಟಿಯನ್ನೇ ತಗ್ಗಿಸುತ್ತದೆ. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗುವುದು, ನಿಮಿರುವಿಕೆಯ ತೊಂದರೆ, ಮನಸ್ಸು ಕುಗ್ಗುವುದು ಕಂಡುಬಂದಿರುವುದರಿಂದ, ಮದುವೆಯ ಹೊಸ್ತಿಲಲ್ಲಿರುವ ನೀವು ಅಂಗಡಿಯಿಂದ ನೇರವಾಗಿ ತಂದು ನುಂಗದೆ ಚರ್ಮರೋಗ ತಜ್ಞರೊಂದಿಗೆ ಸಂಕೋಚವಿಲ್ಲದೆ ಮಾತನಾಡಿ. ಅದನ್ನು ಸೇವಿಸುವ ಅವಧಿಯಲ್ಲೂ, ನಿಲ್ಲಿಸಿದ ಮೇಲೆ ಒಂದು ತಿಂಗಳವರೆಗೂ ರಕ್ತದಾನ ಮಾಡಬಾರದು. ಪಿಆರ್‌ಪಿ ಚುಚ್ಚುಮದ್ದಿನ (ನಿಮ್ಮದೇ ರಕ್ತದಿಂದ ಬೇರ್ಪಡಿಸಿದ, ಪ್ಲೇಟ್‌ಲೆಟ್ ಕಣಗಳು ಹೆಚ್ಚಿರುವ ದ್ರವವನ್ನು ನೆತ್ತಿಗೆ ಚುಚ್ಚುವುದು) ಫಲ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಅದೊಂದನ್ನೇ ನಂಬಿ ಸಾಲ ಮಾಡಬೇಡಿ.

ಹೆಣ್ಣು ನೋಡುವ ದಿನಕ್ಕೆ ತೆಳುವಾದ ಜಾಗ ಎದ್ದು ಕಾಣಬಾರದೆಂದಿದ್ದರೆ, ಉಳಿದ ಕೂದಲಿಗೆ ಅಂಟಿಕೊಳ್ಳುವ ಕೆರಾಟಿನ್ ಪುಡಿಯನ್ನು ಉದುರಿಸಿಕೊಂಡರೂ ಸಾಕು. ಸ್ನಾನ ಮಾಡಿದರೆ ಹೋಗುತ್ತದೆ. ಪ್ಯಾಚನ್ನೇ ಆರಿಸಿಕೊಂಡರೆ, ಆ ವಿಷಯವನ್ನು ಹುಡುಗಿಗೆ ಮದುವೆಗೆ ಮುಂಚೆ ನೀವೇ ತಿಳಿಸಿ.