ಮುರುಗಲು ಕೊಳೆಯಿತೆಂದು ಮರ ಕಡಿಯಬೇಡಿ

ಸೊಪ್ಪಿನ ಬೆಟ್ಟದ (ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡಿನ) ಮುರುಗಲು, ಅಂದರೆ ಸಿಪ್ಪೆ ಒಣಗಿಸಿ ಹುಳಿಗೆ ಬಳಸುವ ಕೋಕಂ ಹಣ್ಣು, ಅಂಗಳದಲ್ಲೇ ಕೊಳೆಯುತ್ತಿದೆ, ಮರ ತೆಗೆದು ಅಕೇಶಿಯಾ ನೆಡಲೇ ಎಂದು ಸಿದ್ದಾಪುರದ ಸ್ನೇಹಿತರು ಕೇಳಿದ್ದಾರೆ. ಬೇಡವೇ ಬೇಡ. ತಪ್ಪು ಮರದ್ದಲ್ಲ. ಹಣ್ಣಾಗುವುದಕ್ಕೂ ಮಳೆ ಹಿಡಿಯುವುದಕ್ಕೂ ನಡುವೆ ಸಿಗುತ್ತಿದ್ದ ಬಿಸಿಲಿಗೆ ಈಗ ಖಾತ್ರಿಯಿಲ್ಲ.

2023ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ, ಆಮೇಲೆ ಆಗಸ್ಟ್‌ನಲ್ಲಿ ಕೈಕೊಟ್ಟಿತು. 2025ರಲ್ಲಿ ಮೇ 24ಕ್ಕೇ ಹಾಜರು, ವಾಡಿಕೆಗಿಂತ ಎಂಟು ದಿನ ಮೊದಲು. ಒಂದು ವರ್ಷದ ಮಳೆಯನ್ನು ಹಿಡಿದು ಹವಾಮಾನವೇ ಬದಲಾಯಿತು ಎನ್ನಲಾಗದು, ನಿಜ. ಆದರೆ ಅರಬ್ಬೀ ಸಮುದ್ರ ಬಿಸಿಯಾಗುತ್ತಿದೆ, ಸುರಿದರೆ ಒಮ್ಮೆಲೇ ಸುರಿಯುವುದು ಹೆಚ್ಚಾಗಿದೆ. ಪಂಚಾಂಗ ನೋಡಿ ಕೊಯ್ಲು ಮಾಡುವ ಕಾಲ ಹೋಯಿತು. 2025ರ ಆ ಮೇ ಕೊನೆಯಲ್ಲಿ ನಾನೂ ಜಗಲಿಯಲ್ಲಿ ಸಿಪ್ಪೆ ಹರವಿದ್ದೆ. ಮೂರನೆಯ ದಿನಕ್ಕೆ ಬಿಳಿ ಬೂಷ್ಟು, ಮುಟ್ಟಿದರೆ ಅಂಟು, ಹುಳಿಯ ಬದಲು ಹೆಂಡದ ವಾಸನೆ.

ಈಗ ನಾನು ಮಾಡುವುದು ಇಷ್ಟು: ಮರದಡಿ ಬಲೆ ಕಟ್ಟಿ ದಿನ ಬಿಟ್ಟು ದಿನ ಹಣ್ಣು ತರುತ್ತೇನೆ, ತಂದ ದಿನವೇ ಸೀಳುತ್ತೇನೆ. ಸಿಪ್ಪೆಯನ್ನು ಉಪ್ಪು ಹಾಕಿದ ಅದರದೇ ರಸದಲ್ಲಿ ಅದ್ದಿ ಅಡಿಕೆ ಡ್ರೈಯರ್‌ಗೆ ಹಾಕುತ್ತೇನೆ. 50ರಿಂದ 60 ಡಿಗ್ರಿ ಸಾಕು, ಹೆಚ್ಚು ಕಾಯಿಸಿದರೆ ಬಣ್ಣ ಹೋಗುತ್ತದೆ. ಹೊಗೆ ತಾಗಬಾರದು, ಇದು ಹೊಗೆಯಲ್ಲಿ ಒಣಗಿಸುವ ಅದರ ಸೋದರ ಹುಳಿ ಹಣ್ಣು ಉಪ್ಪಾಗೆಯಲ್ಲ. ಡ್ರೈಯರ್ ತುಂಬಿದ್ದರೆ ಹಸಿ ಸಿಪ್ಪೆಯ ಎರಡರಷ್ಟು ಸಕ್ಕರೆ ಬೆರೆಸಿ ಭರಣಿಯಲ್ಲಿಟ್ಟು ದಿನಕ್ಕೊಮ್ಮೆ ಕಲಕಿ, ಶರಬತ್ತಿಗಾಗುತ್ತದೆ. ಹೊಸದಾಗಿ ನೆಡುವುದಾದರೆ ಕಸಿ ಗಿಡವನ್ನೇ ತನ್ನಿ. ಬೀಜದ ಸಸಿಗಳಲ್ಲಿ ಸುಮಾರು ಅರ್ಧ ಗಂಡು, ಅದು ಗೊತ್ತಾಗುವ ಹೊತ್ತಿಗೆ ಏಳೆಂಟು ವರ್ಷ ಕಳೆದಿರುತ್ತದೆ.

ಉಪ್ಪಾಗೆಯದು ಬೇರೆಯೇ ಪಾಡು. ಅದು ಹಣ್ಣಾಗುವುದೇ ಮಳೆಗಾಲದಲ್ಲಿ, ಒಣಗಬೇಕಾದದ್ದು ಬೆಂಕಿಯ ಮೇಲೆ. ಜಡಿ ಹಿಡಿದಷ್ಟೂ ಕಟ್ಟಿಗೆ ಹೆಚ್ಚು ಬೇಕು, ಆ ಕಟ್ಟಿಗೆ ಬರುವುದೂ ಕಾಡಿನಿಂದಲೇ.

ನಮಗಾದರೂ ಅಂಗಳ, ಅಟ್ಟ ಇವೆ. ಕಾಡಿನಲ್ಲಿ ಮುರುಗಲು ಹೆಕ್ಕಿ ಮಾರುವ, ಭೂಮಿಯಿಲ್ಲದವರಿಗೆ ಏನಿದೆ? ಮಳೆಗೆ ಹೆದರಿ, ಇನ್ನೊಬ್ಬರು ಕೊಯ್ದುಕೊಂಡಾರು ಎಂಬ ಭಯಕ್ಕೂ, ಬಲಿಯುವ ಮೊದಲೇ ಕೊಂಬೆ ಸಮೇತ ಎಳೆಯುತ್ತಾರೆ. ಎಳೆಯ ಕಾಯಿಯ ಬೀಜ ಮೊಳೆಯುವುದಿಲ್ಲ. ಆದರೆ ಅವರನ್ನು ಬಯ್ದ ಮಾತ್ರಕ್ಕೆ ಕಾಡಿನಲ್ಲಿ ಸಸಿ ಹುಟ್ಟುವುದಿಲ್ಲ.

ಅಡಿಕೆ ಡ್ರೈಯರ್ ಮೇ ತಿಂಗಳಲ್ಲಿ ಹೇಗೂ ಖಾಲಿ ಇರುತ್ತದೆ. ನಮ್ಮ ಕೇರಿಯಲ್ಲಿ ಹೆಕ್ಕುವವರ ಸಿಪ್ಪೆಯನ್ನೂ ಕಿಲೋ ಲೆಕ್ಕದಲ್ಲಿ ಒಣಗಿಸಿ ಕೊಡುತ್ತಿದ್ದೇವೆ. ಒಣಗುತ್ತದೆ ಎಂಬ ಧೈರ್ಯ ಬಂದ ಮೇಲೆ ಅವರೂ ಕೆಂಪಾಗುವವರೆಗೆ ಕಾಯುತ್ತಿದ್ದಾರೆ. ನಿಮ್ಮ ಡ್ರೈಯರ್‌ನಲ್ಲಿ ಎಷ್ಟು ತಟ್ಟೆಗಳಿವೆ ಎಂದು ತಿಳಿಸಿ, ಒಂದು ಸಲಕ್ಕೆ ಎಷ್ಟು ಹಿಡಿಯುತ್ತದೆ ಎಂದು ಲೆಕ್ಕ ಹಾಕಿ ಹೇಳುತ್ತೇನೆ.