525ರ ಕಾಫಿ ಪುಡಿಯಲ್ಲಿ ಯಾರ ಪಾಲು ಎಷ್ಟು?

ಪ್ರಶ್ನೆ: ಚಿಕ್ಕಮಗಳೂರಿನಿಂದ ಕಾಫಿ ಪುಡಿಯನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ, ಜಿಎಸ್‌ಟಿ ನೋಂದಣಿ ಇದೆ. 525 ರೂಪಾಯಿಯ ಅರ್ಧ ಕೆಜಿ ಪ್ಯಾಕೆಟ್‌ಗೆ ಕೈಗೆ ಬರೋದು ತುಂಬಾ ಕಡಿಮೆ. ಎಲ್ಲಾ ಟ್ಯಾಕ್ಸ್‌ಗೇ ಹೋಗುತ್ತಾ ಸಾರ್?

ಉತ್ತರ: ಟ್ಯಾಕ್ಸನ್ನು ಸುಮ್ನೆ ಬೈಯಬೇಡಿ. ಅದರಲ್ಲಿ 25 ರೂಪಾಯಿ ಶೇ 5ರ ಜಿಎಸ್‌ಟಿ, ಗಿರಾಕಿ ಕೊಟ್ಟಿದ್ದು. ಉಳಿದ 500ಕ್ಕೆ ಮಾರಾಟ ತಾಣದವರು ಹಿಡಿಯುವ ಟಿಸಿಎಸ್ (ನಿಮ್ಮ ಹಣದಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಶೇ 0.5, ಅಂದರೆ ಎರಡೂವರೆ ರೂಪಾಯಿ, ಅದನ್ನೂ ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಪ್ಪಿಕೊಂಡರೆ ನಿಮ್ಮ ಕ್ಯಾಶ್ ಲೆಡ್ಜರ್‌ಗೆ, ಅಂದರೆ ಪೋರ್ಟಲ್‌ನಲ್ಲಿರುವ ನಿಮ್ಮ ತೆರಿಗೆ ಹಣದ ಖಾತೆಗೆ ಬರುತ್ತದೆ, ಬಹಳ ಜನ ಮರೆಯೋದು ಇದನ್ನೇ. ಜಾಸ್ತಿ ತಿನ್ನೋದು ಕಮಿಷನ್ ಮತ್ತು ಶಿಪ್ಪಿಂಗ್. ಅವುಗಳ ಮೇಲೆ ಶೇ 18 ಜಿಎಸ್‌ಟಿ ಬೇರೆ! ಅದು ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು, ಬಿಲ್ ಡೌನ್‌ಲೋಡ್ ಮಾಡಿಕೊಳ್ಳಿ. ಇನ್ನೊಂದು, ಅರ್ಧ ಕೆಜಿ ಪುಡಿಗೆ ಡಬ್ಬದ ತೂಕ ಸೇರಿ 500 ಗ್ರಾಂ ದಾಟುತ್ತೆ ಅಲ್ವಾ? ಶಿಪ್ಪಿಂಗ್ ದರ ಅಲ್ಲೇ ಮೇಲಿನ ಸ್ಲ್ಯಾಬ್‌ಗೆ ಹೋಗಿರಬಹುದು. 400 ಗ್ರಾಂ ಪ್ಯಾಕ್ ಮಾಡಿ ನೋಡಿ.